ಇಳಿಯುವವರು ದಾರಿ ಬಿಡಬೇಕು

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಹತ್ತುವುದೆಂದರೆ ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಅದು ಹರಕೆ, ಕೆಲವರಿಗೆ ಮುಂಜಾನೆಯ ವ್ಯಾಯಾಮ, ಇನ್ನು ಕೆಲವರಿಗೆ ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುವ ಕರ್ತವ್ಯ. 'ಬೆಟ್ಟ ಹತ್ತಿ ಬಂದೆ' ಎಂದು ಹೆಮ್ಮೆಯಿಂದ ಹೇಳುವವರನ್ನು ನಾವು ದಿನವೂ ಕಾಣುತ್ತೇವೆ. 'ಬೆಟ್ಟ ಇಳಿದು ಬಂದೆ' ಎಂದು ಹೇಳಿಕೊಂಡವರನ್ನು ಮಾತ್ರ ಕಂಡಿಲ್ಲ. ಹತ್ತಿದವರೆಲ್ಲ ಇಳಿದೇ ಇಳಿಯುತ್ತಾರೆ. ಆದರೂ ಇಳಿಯುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದು ಸುಲಭ, ಸುಲಭವಾದುದರ ಬಗ್ಗೆ ಯೋಚಿಸುವುದೇನಿದೆ ಎಂದು ನಾವೂ ಅಂದುಕೊಂಡಿದ್ದೆವು, ಒಂದು ಭಾನುವಾರದವರೆಗೆ.

ಅಂದು ನಾವು ನಾಲ್ವರು ಗೆಳೆಯರು ಹೊರಟದ್ದೇ ಇಳಿಯುವುದಕ್ಕೆ. ನಗರ ಬಸ್ ನಿಲ್ದಾಣದಿಂದ ಬಸ್ಸು ಹತ್ತಿ ಮೇಲಕ್ಕೆ ಹೋಗುವುದು, ಅಲ್ಲಿ ಒಂದು ಕಾಫಿ ಕುಡಿದು ಮೆಟ್ಟಿಲ ದಾರಿಯಲ್ಲಿ ನಿಧಾನವಾಗಿ ಕೆಳಗಿಳಿಯುವುದು, ಪಾದದ ಬಳಿ ಎಳನೀರು ಕುಡಿದು ಮನೆಗೆ ಮರಳುವುದು - ಇದು ನಮ್ಮ ಯೋಜನೆ. ಐವತ್ತು ದಾಟಿದ ನಮಗೆ ಇದಕ್ಕಿಂತ ಹಿತವಾದ ನಡಿಗೆ ಇನ್ನೊಂದಿಲ್ಲ. ನಗರವಿರುವುದು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಬೆಟ್ಟದ ತುದಿ ಸುಮಾರು 1,060 ಮೀಟರ್. ನಡುವಿನ ಸುಮಾರು 300 ಮೀಟರ್ ಎತ್ತರವನ್ನು ಬಸ್ಸಿನ ಎಂಜಿನ್ ನಮಗಾಗಿ ಹತ್ತಿತು. ಅದೇ ಬಸ್ಸಿನಲ್ಲಿದ್ದ ಹೆಂಗಸರು 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಟಿಕೆಟ್ ಹಿಡಿದು ಕುಳಿತಿದ್ದರು. ನಾವು ಹಣ ಕೊಟ್ಟ ಟಿಕೆಟ್ ಹಿಡಿದಿದ್ದೆವು. ಬೆವರು ಮಾತ್ರ ಯಾರೂ ಸುರಿಸಿರಲಿಲ್ಲ.

ಮೆಟ್ಟಿಲುಗಳ ದಾರಿ ಬಸ್ಸಿನ ರಸ್ತೆಗಿಂತ ಬಹಳ ಹಳೆಯದು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಇದನ್ನು ಮಾಡಿಸಿದರು. ಮೆಟ್ಟಿಲುಗಳು ಸಾವಿರದೆಂಟು ಎಂಬುದು ಜನರ ಬಾಯಲ್ಲಿರುವ ಮಾತು. ಎಣಿಸುತ್ತ ಹೋದವರ ಲೆಕ್ಕ ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಮೇಲಿನಿಂದ ಬರುವವರಿಗೆ ಸುಮಾರು ಮುನ್ನೂರು ಮೆಟ್ಟಿಲು ಇಳಿದ ಮೇಲೆ ಏಕಶಿಲೆಯ ನಂದಿ ಎದುರಾಗುತ್ತದೆ. ಅದೂ ಅದೇ ಅರಸರ ಕಾಲದ್ದು. ಮಾಡಿಸಿದ ಅರಸರ ಹೆಸರು ನಮಗೆ ಗೊತ್ತು. ಒಂದೊಂದು ಕಲ್ಲನ್ನೂ ಹೊತ್ತು ಹಾಸಿದವರ ಹೆಸರು ಗೊತ್ತಿಲ್ಲ. ನಾವು ಹರಟುತ್ತ ಇಳಿಯುವುದು ಅವರು ಬೆನ್ನು ಬಗ್ಗಿಸಿದ ಕಡೆಯಲ್ಲಿಯೇ.

ಆ ಬೆಳಿಗ್ಗೆ ಇದೊಂದೂ ನಮ್ಮ ತಲೆಯಲ್ಲಿರಲಿಲ್ಲ. ಗಾಳಿ ತಂಪಾಗಿತ್ತು. ಕೆಳಗೆ ಲಲಿತಮಹಲಿನ ಬಿಳಿ ಗುಮ್ಮಟ, ದೂರದಲ್ಲಿ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ನಡುವೆ ಅರಮನೆ. ಒಬ್ಬರು ಬೆರಳು ತೋರಿಸಿ ಹೇಳುತ್ತಿದ್ದರೆ ಉಳಿದವರು 'ಅಲ್ಲ, ಅದು ಇನ್ನೂ ಆ ಕಡೆ' ಎಂದು ವಾದಿಸುತ್ತ, ನಾಲ್ವರೂ ಅಕ್ಕಪಕ್ಕದಲ್ಲಿ ಇಡೀ ಮೆಟ್ಟಿಲನ್ನು ಆವರಿಸಿಕೊಂಡು ಇಳಿಯುತ್ತಿದ್ದೆವು.

ದಾರಿ ಕಿರಿದಾದ ಒಂದೆಡೆ ಒಬ್ಬ ಅಜ್ಜಿ ಹತ್ತಿ ಬರುತ್ತಿದ್ದರು. ಅವರ ಜೊತೆಯಲ್ಲಿ ಎಂಟೊಂಬತ್ತು ವರ್ಷದ ಮೊಮ್ಮಗಳು. ಅಜ್ಜಿ ಪ್ರತಿ ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಬಾಗುವುದು, ಹಚ್ಚುವುದು, ಮೊಣಕಾಲಿಗೆ ಕೈಯೂರಿ ಏಳುವುದು, ಒಂದು ಮೆಟ್ಟಿಲು ಹತ್ತುವುದು, ಮತ್ತೆ ಬಾಗುವುದು. ನಾವು ಹತ್ತಿರ ಬಂದಾಗ ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. ಅಜ್ಜಿ ಮೆಟ್ಟಿಲು ಬಿಟ್ಟು ಅಂಚಿನ ಕಲ್ಲಿನ ಮೇಲೆ ಕಾಲಿಡಲು ಹೋಗಿ ಸ್ವಲ್ಪ ಜೋಲಿ ತಪ್ಪಿದರು. ಕೈಯಲ್ಲಿದ್ದ ಬಟ್ಟಲಿನಿಂದ ಒಂದಿಷ್ಟು ಕುಂಕುಮ ಚೆಲ್ಲಿತು. ಬೀಳಲಿಲ್ಲ. ಸಾವರಿಸಿಕೊಂಡು ನಿಂತು ನಮ್ಮನ್ನು ನೋಡಿ, 'ಇಳಿಯೋರಿಗೆ ಯಾಕಪ್ಪಾ ಇಷ್ಟು ಅವಸರ? ಮೈಸೂರು ಎಲ್ಲಿಗೂ ಓಡೋಗಲ್ಲ' ಎಂದರು. ಸಿಟ್ಟಿನಿಂದಲ್ಲ, ಏದುಸಿರಿನ ನಡುವೆ.

'ತಪ್ಪಾಯ್ತು ಅಮ್ಮಾ' ಎಂದೆವು. ಅವರು ತಲೆಯಾಡಿಸಿ ಮತ್ತೆ ಮೆಟ್ಟಿಲಿಗೆ ಬಂದು ಬಾಗಿದರು. ಅವರಿಗೆ ಅಲ್ಲಿಗೆ ಮುಗಿಯಿತು. ನಮಗೆ ಮುಗಿಯಲಿಲ್ಲ. ನಂದಿಯವರೆಗೂ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ನಾವು ಮಾಡಿದ್ದು ದೊಡ್ಡ ಅಪರಾಧವೇನಲ್ಲ. ಯಾರನ್ನೂ ತಳ್ಳಲಿಲ್ಲ, ಬೈಯಲಿಲ್ಲ. ಅವರು ಸರಿದರು, ನಾವು ಬಂದೆವು, ಅಷ್ಟೇ. ಆದರೆ ಯೋಚಿಸಬೇಕಾದದ್ದು ಇಲ್ಲಿಯೇ ಇದೆ. ದಾರಿ ಬಿಡಬೇಕಾದವರು ಯಾರು ಎಂಬ ಪ್ರಶ್ನೆ ಎದುರಾದಾಗ, ಒಂದು ಮಾತೂ ಆಡದೆ, ಒಂದು ಕ್ಷಣವೂ ಯೋಚಿಸದೆ, ಅದನ್ನು ನಾವು ನಮ್ಮ ಪರವಾಗಿ ತೀರ್ಮಾನಿಸಿಕೊಂಡಿದ್ದೆವು. ಆರಾಮವಾಗಿ ಬರುತ್ತಿದ್ದ ನಾಲ್ವರು ಗಂಡಸರಿಗೆ, ಉಸಿರು ಹಿಡಿದು ಹತ್ತುತ್ತಿದ್ದ ಒಬ್ಬ ಮುದುಕಿ ದಾರಿ ಬಿಟ್ಟರು. ಅದು ನಮಗೆ ಸಹಜವೆನಿಸಿತ್ತು. ತಪ್ಪುಗಳಲ್ಲಿ ಹೆಚ್ಚಿನವು ಹೀಗೆ ಸಹಜವೆಂಬ ವೇಷದಲ್ಲಿಯೇ ಬರುತ್ತವೆ.

ಘಟ್ಟದ ರಸ್ತೆಗಳಲ್ಲಿ ಲಾರಿ, ಬಸ್ಸು ಓಡಿಸುವವರನ್ನು ಕೇಳಿದರೆ ಈ ಪ್ರಶ್ನೆಗೆ ಕೂಡಲೇ ಉತ್ತರ ಹೇಳುತ್ತಾರೆ. ಎರಡು ವಾಹನ ಒಟ್ಟಿಗೆ ಹಾಯಲಾಗದಷ್ಟು ರಸ್ತೆ ಕಿರಿದಾಗಿದ್ದರೆ ಇಳಿಯುವ ವಾಹನ ಬದಿಗೆ ನಿಲ್ಲಬೇಕು, ಹತ್ತುವ ವಾಹನ ಮೊದಲು ಹೋಗಬೇಕು. ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಲಾಗಿತ್ತು. ಪರ್ವತ ಚಾರಣ ಮಾಡುವವರಲ್ಲಿಯೂ ಇದೇ ವಾಡಿಕೆ. ಹಿಮಾಲಯವಾಗಲಿ, ಆಲ್ಪ್ಸ್ ಆಗಲಿ, ಹತ್ತುವವರಿಗೆ ಮೊದಲ ಹಕ್ಕು.

ಇದರ ಹಿಂದಿನ ಕಾರಣಗಳನ್ನು ಗಮನಿಸಬೇಕು. ಭಾರ ಹೊತ್ತು ಏರುತ್ತಿರುವ ವಾಹನ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಉಂಟು. ಹತ್ತುವ ಮನುಷ್ಯನಿಗೂ ಹಾಗೆಯೇ. ಅವನ ಉಸಿರಿಗೂ ಹೆಜ್ಜೆಗೂ ಒಂದು ಲಯ ಕೂಡಿ ಬಂದಿರುತ್ತದೆ. ಅದು ಮುರಿದರೆ ಮತ್ತೆ ಕೂಡಿಸಿಕೊಳ್ಳಲು ಶ್ರಮ ಬೇಕು. ಎರಡನೆಯದಾಗಿ, ಹತ್ತುವವನ ಕಣ್ಣು ತನ್ನ ಕಾಲ ಮುಂದಿನ ಒಂದೆರಡು ಮೆಟ್ಟಿಲುಗಳ ಮೇಲಿರುತ್ತದೆ. ಇಳಿಯುವವನಿಗೆ ದೂರದವರೆಗೂ ಕಾಣುತ್ತದೆ. ಯಾರು ಬರುತ್ತಿದ್ದಾರೆ, ಎಲ್ಲಿ ದಾರಿ ಕಿರಿದಾಗಿದೆ, ಎಲ್ಲಿ ನಿಂತು ಜಾಗ ಬಿಡಬಹುದು ಎಂಬುದು ಮೊದಲು ಗೊತ್ತಾಗುವುದು ಅವನಿಗೇ. ಹೆಚ್ಚು ಕಾಣುವವನಿಗೆ ಹೆಚ್ಚು ಜವಾಬ್ದಾರಿ. ನಿಂತರೆ ಕಡಿಮೆ ಕಳೆದುಕೊಳ್ಳುವವನು ನಿಲ್ಲಬೇಕು. ಡ್ರೈವರುಗಳು ಪಾಲಿಸುವ ಈ ಒಂದು ಸಾಲಿನ ನಿಯಮದಲ್ಲಿ ಇಡೀ ನೀತಿಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ ಎಂದು ನಮಗೆ ಅನಿಸಿತು.

ಇಳಿಯುವವನ ಕಷ್ಟವೂ ಕಷ್ಟವಲ್ಲವೇ ಎಂದು ಓದುಗರು ಕೇಳಬಹುದು. ಖಂಡಿತ ಕೇಳಬೇಕು. ಇಳಿಯುವುದು ನಾವು ಭಾವಿಸಿದಷ್ಟು ಸುಲಭವಲ್ಲ. ಹತ್ತುವಾಗ ತೊಡೆಯ ಸ್ನಾಯುಗಳು ಕುಗ್ಗುತ್ತ ದೇಹವನ್ನು ಎತ್ತುತ್ತವೆ. ಇಳಿಯುವಾಗ ಅವೇ ಸ್ನಾಯುಗಳು ಹಿಗ್ಗುತ್ತ, ಬೀಳಲಿರುವ ದೇಹವನ್ನು ಪ್ರತಿ ಹೆಜ್ಜೆಗೂ ತಡೆದು ಹಿಡಿಯುತ್ತವೆ. ಈ ಕೆಲಸಕ್ಕೆ ಉಸಿರು ಕಡಿಮೆ ಸಾಕು, ಎದೆ ಬಡಿತ ಏರುವುದಿಲ್ಲ. ಆದ್ದರಿಂದ ದಣಿವೇ ಇಲ್ಲವೆನಿಸುತ್ತದೆ. ಆದರೆ ಸ್ನಾಯುವಿನ ಎಳೆಗಳಿಗೆ ಪೆಟ್ಟು ಹೆಚ್ಚು ಬೀಳುವುದು ಇಳಿಯುವಾಗಲೇ. ನೋವು ಬರುವುದು ಮರುದಿನ ಅಥವಾ ಅದರ ಮರುದಿನ. ಮಂಗಳವಾರ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿದುಕೊಂಡಾಗ ನಮಗೂ ಇದರ ಅರಿವಾಯಿತು.

ಇಳಿಯುವುದರಿಂದ ಪ್ರಯೋಜನವಿಲ್ಲವೆಂದೂ ಅಲ್ಲ. ಆಸ್ಟ್ರಿಯಾದ ವೈದ್ಯರು ಒಂದು ಪ್ರಯೋಗ ಮಾಡಿ 2004ರಲ್ಲಿ ಅದರ ಫಲಿತಾಂಶ ತಿಳಿಸಿದ್ದರು. ಜನರನ್ನು ಎರಡು ತಿಂಗಳು ಬೆಟ್ಟ ಹತ್ತಿಸಿ ತೊಟ್ಟಿಲ ಗಾಡಿಯಲ್ಲಿ ಕೆಳಗಿಳಿಸಿದರು. ಇನ್ನೆರಡು ತಿಂಗಳು ಗಾಡಿಯಲ್ಲಿ ಮೇಲೇರಿಸಿ ನಡೆದು ಇಳಿಯುವಂತೆ ಮಾಡಿದರು. ಹತ್ತುವುದರಿಂದ ರಕ್ತದಲ್ಲಿನ ಕೊಬ್ಬಿನ ಒಂದು ಅಂಶ ಕಡಿಮೆಯಾಗಿತ್ತು. ಸಕ್ಕರೆಯನ್ನು ಅರಗಿಸಿಕೊಳ್ಳುವ ದೇಹದ ಶಕ್ತಿ ಉತ್ತಮಗೊಂಡದ್ದು ಇಳಿಯುವುದರಿಂದ. ಹಾಗಾಗಿ ಬಸ್ಸಿನಲ್ಲಿ ಹೋಗಿ ಇಳಿದು ಬರುವವರು ನಾಚಿಕೊಳ್ಳಬೇಕಿಲ್ಲ. ಸುಲಭದ ದಾರಿ ಹಿಡಿಯುವುದು ಪಾಪವೂ ಅಲ್ಲ. ಮಂಡಿ ನೋವಿನ ಹೆಂಗಸೊಬ್ಬರು ಉಚಿತ ಬಸ್ಸಿನಲ್ಲಿ ಬೆಟ್ಟಕ್ಕೆ ಹೋಗಿ ಬರುವಂತಾದರೆ ಅದು ಸೋಮಾರಿತನವಲ್ಲ, ನ್ಯಾಯ. ಕಷ್ಟಪಟ್ಟದ್ದೆಲ್ಲ ಶ್ರೇಷ್ಠ, ಸುಖವಾಗಿ ಬಂದದ್ದೆಲ್ಲ ಕೀಳು ಎನ್ನುವ ವಾದವನ್ನು ಸಾಮಾನ್ಯವಾಗಿ ಕಷ್ಟ ಕಾಣದವರೇ ಮಂಡಿಸುತ್ತಾರೆ.

ದಾರಿ ಬಿಡುವ ನಿಯಮವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಅಂದು ನಂದಿಯಿಂದ ಕೆಳಗೆ, ಕೋಲೂರಿ ಇಳಿಯುತ್ತಿದ್ದ ಹಿರಿಯರೊಬ್ಬರಿಗಾಗಿ, ಓಡಿಕೊಂಡು ಹತ್ತುತ್ತಿದ್ದ ಕಾಲೇಜು ಹುಡುಗನೊಬ್ಬ ತಟ್ಟನೆ ನಿಂತು ಪಕ್ಕಕ್ಕೆ ಸರಿದ. ಅವನು ಹತ್ತುವವನು, ಅವರು ಇಳಿಯುವವರು. ಆದರೂ ನಿಲ್ಲಬೇಕಾದವನು ತಾನು ಎಂದು ಅವನಿಗೆ ಗೊತ್ತಾಗಿತ್ತು. ನಿಯಮದ ಅಕ್ಷರ ಬೇರೆಯಾದರೂ ಅದರ ಜೀವ ಅವನಲ್ಲಿತ್ತು.

ಹಾಗಾದರೆ ನಮ್ಮ ತಪ್ಪು ಯಾವುದು? ಇಳಿದದ್ದಲ್ಲ. ಇಳಿಯುವಾಗ ನಮ್ಮನ್ನು ಮುಂದಕ್ಕೆ ಒಯ್ಯುತ್ತಿದ್ದುದು ನಮ್ಮ ಶಕ್ತಿ ಎಂದು ಭಾವಿಸಿದ್ದು. ನಮ್ಮ ವೇಗ ನಮ್ಮದಾಗಿರಲಿಲ್ಲ. ಅದು ಭೂಮಿಯ ಸೆಳೆತ ಕೊಟ್ಟದ್ದು. ನಮ್ಮನ್ನು ಎತ್ತರಕ್ಕೆ ತಂದದ್ದು ಬಸ್ಸು, ಕಾಲಿಗೆ ಹಿತವಾದ ದಾರಿ ಕೊಟ್ಟದ್ದು ಮೂರೂವರೆ ಶತಮಾನದ ಹಿಂದಿನ ಕೂಲಿಗಳು. ಇಷ್ಟೆಲ್ಲ ನೆರವು ಪಡೆದ ನಾವು ಚುರುಕಾಗಿ ನಡೆಯುತ್ತಿದ್ದೆವು, ಏನೂ ನೆರವಿಲ್ಲದ ಅಜ್ಜಿ ನಿಧಾನವಾಗಿದ್ದರು. ಚುರುಕಾದವರಿಗೆ ನಿಧಾನದವರು ಜಾಗ ಬಿಡಬೇಕು ಎಂದು ನಮ್ಮ ಮನಸ್ಸು ಲೆಕ್ಕ ಹಾಕಿತ್ತು. ಇಳಿಜಾರಿನ ನೆರವನ್ನು ಸ್ವಂತ ಸಾಮರ್ಥ್ಯವೆಂದು ತಿಳಿಯುವುದೇ ಇಳಿಯುವವನ ಮೂಲ ಭ್ರಮೆ.

ಈ ಭ್ರಮೆ ಬೆಟ್ಟದಲ್ಲಿ ಮಾತ್ರ ಇರುವುದಲ್ಲ. ಬದುಕಿನಲ್ಲಿ ಕೆಲವರು ಬೆಟ್ಟದ ಪಾದದಲ್ಲಿ ಹುಟ್ಟುತ್ತಾರೆ, ಕೆಲವರು ಬಸ್ಸಿನಲ್ಲಿ ಮೇಲಕ್ಕೆ ತಲುಪಿದವರ ಮನೆಯಲ್ಲಿ ಹುಟ್ಟುತ್ತಾರೆ. ಮನೆ ತುಂಬ ಪುಸ್ತಕ, ಓದಿದ ತಾಯಿತಂದೆ, ನಗರದ ಒಳ್ಳೆಯ ಶಾಲೆ, ಬಾಡಿಗೆಗೆ ಮನೆ ಕೇಳಲು ಹೋದಾಗ ಯಾರೂ ಹುಬ್ಬುಗಂಟಿಕ್ಕದ ಹೆಸರು - ಇವೆಲ್ಲ ಇಳಿಜಾರುಗಳು. ಅವುಗಳ ಮೇಲೆ ನಡೆದವನಿಗೆ ತಾನು ನಡೆದದ್ದು ಮಾತ್ರ ನೆನಪಿರುತ್ತದೆ, ನೆಲ ತನ್ನ ಕಡೆಗೆ ವಾಲಿದ್ದುದು ನೆನಪಿರುವುದಿಲ್ಲ. 'ನಾನು ಕಷ್ಟಪಟ್ಟು ಬಂದೆ, ಅವರೇಕೆ ಬರಬಾರದು?' ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ. ಕಷ್ಟಪಟ್ಟದ್ದು ಸುಳ್ಳಲ್ಲ. ನಮ್ಮ ಮಂಡಿಯೂ ನೋಯುತ್ತಿತ್ತಲ್ಲ! ಆದರೆ ಆ ಕಷ್ಟವೂ ಈ ಕಷ್ಟವೂ ಒಂದೇ ಅಲ್ಲ.

ಈ ಪ್ರಶ್ನೆಯನ್ನು ಬೆಟ್ಟದ ಕೆಳಗಿನ ಈ ಊರು ಒಂದು ಶತಮಾನಕ್ಕೂ ಹಿಂದೆಯೇ ಎದುರಿಸಿತ್ತು. ಮೈಸೂರು ಸಂಸ್ಥಾನದ ಸರಕಾರಿ ಹುದ್ದೆಗಳಲ್ಲಿ ಬಹುಪಾಲು ಒಂದೇ ಸಮುದಾಯದವರು ತುಂಬಿದ್ದ ಕಾಲವದು. ಉಳಿದ ಸಮುದಾಯಗಳ ಮುಖಂಡರು, ಮುಸ್ಲಿಮರೂ ಸೇರಿದಂತೆ, 1917ರಲ್ಲಿ ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ತಮ್ಮ ಅಹವಾಲನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಮುಂದಿಟ್ಟರು. 1918ರಲ್ಲಿ ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ಅದರ ವರದಿ ಬಂತು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿಯೂ ಶಿಕ್ಷಣದಲ್ಲಿಯೂ ವಿಶೇಷ ಅವಕಾಶ ಸಿಗಬೇಕೆಂದು ಅದು ಹೇಳಿತು. ಸ್ವಾತಂತ್ರ್ಯ ಬರುವುದಕ್ಕೆ ಎಷ್ಟೋ ಮೊದಲೇ ಮೈಸೂರಿನಲ್ಲಿ ಮೀಸಲಾತಿ ಆರಂಭವಾದದ್ದು ಹೀಗೆ.

ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಕ್ರಮ ಒಪ್ಪಿಗೆಯಾಗಿರಲಿಲ್ಲ. ನೇಮಕಾತಿಗೆ ಅರ್ಹತೆಯೇ ಆಧಾರವಾಗಬೇಕೆಂಬುದು ಅವರ ನಿಲುವು. 1918ರ ಕೊನೆಯಲ್ಲಿ ಅವರು ದಿವಾನಗಿರಿ ಬಿಟ್ಟುದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ಅವರನ್ನು ಹಗುರವಾಗಿ ಕಾಣುವಂತಿಲ್ಲ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ ಮೇಲೆ ಬಂದವರು ಅವರು. ಸ್ವತಃ ಹತ್ತಿದವರು. ಆದರೆ ಒಬ್ಬ ಮನುಷ್ಯ ಒಂದು ಕಡೆ ಹತ್ತುತ್ತಿರುವಾಗಲೇ ಇನ್ನೊಂದು ಕಡೆ ಇಳಿಜಾರಿನಲ್ಲಿರಬಹುದು. ಹಣವಿಲ್ಲದಿದ್ದರೂ ಓದು ತಲೆತಲಾಂತರದಿಂದ ಬಂದ ಮನೆ ಅವರದು. ಅಕ್ಷರವನ್ನೇ ಕಾಣದ ಮನೆಯ ಹುಡುಗನಿಗೆ ಆ ಸೌಕರ್ಯವಿರಲಿಲ್ಲ. ಅಷ್ಟು ದೊಡ್ಡ ಎಂಜಿನಿಯರಿಗೂ ಈ ಇಳಿಜಾರಿನ ಅಳತೆ ಕಾಣದೇ ಹೋಗಬಹುದಾದರೆ ನಮ್ಮಂಥವರ ಪಾಡೇನು? ಬೆಟ್ಟದ ಮೆಟ್ಟಿಲಿನಲ್ಲಿ ಅದು ನಮಗೂ ಕಂಡಿರಲಿಲ್ಲ.

ನಮ್ಮಲ್ಲಿಯೂ ಇದೇ ಇಬ್ಬಗೆ ಇದೆ. ಒಬ್ಬರು ತಮ್ಮ ಸಮುದಾಯದ ಲೆಕ್ಕದಲ್ಲಿ ಹತ್ತುವವರಾಗಿರುತ್ತಾರೆ, ಮನೆಗೆ ಬಂದರೆ ಇಳಿಯುವವರು. ಹೊರಗೆ ತನಗಾಗುವ ತಾರತಮ್ಯದ ಬಗ್ಗೆ ನಿರರ್ಗಳವಾಗಿ ಮಾತಾಡುವ ಗಂಡಸು, ಅಡುಗೆಮನೆಯಿಂದ ಹೆಂಡತಿ ಕುಳಿತುಕೊಳ್ಳಲು ಪುರುಸೊತ್ತಿಲ್ಲದೆ ಓಡಾಡುತ್ತಿದ್ದರೂ 'ಒಂದು ಲೋಟ ನೀರು' ಎಂದು ಕೂಗುತ್ತಾನೆ. ಆಫೀಸಿನಲ್ಲಿ ಮೇಲಧಿಕಾರಿಯ ದರ್ಪವನ್ನು ಶಪಿಸುವವಳು ಮನೆಗೆಲಸದವಳ ಒಂದು ದಿನದ ರಜೆಗೆ ಸಂಬಳ ಹಿಡಿಯುತ್ತಾಳೆ. ನಾವು ಹತ್ತುವ ಕಡೆ ನ್ಯಾಯ ಕೇಳುತ್ತೇವೆ, ಇಳಿಯುವ ಕಡೆ ನಿಯಮವೇ ಮರೆತುಹೋಗುತ್ತದೆ. ಆದುದರಿಂದ 'ನಾನು ಹತ್ತುವವನೋ ಇಳಿಯುವವನೋ' ಎಂದು ಒಮ್ಮೆ ಕೇಳಿಕೊಂಡರೆ ಸಾಲದು. ಪ್ರತಿ ತಿರುವಿನಲ್ಲಿಯೂ ಕೇಳಿಕೊಳ್ಳಬೇಕಾಗುತ್ತದೆ.

ಸುಲಭಕ್ಕೆ ಒಂದು ಬಿಲ್ಲು ಇದ್ದೇ ಇರುತ್ತದೆ ಎಂಬುದು ನಾವು ಕಲಿತ ಇನ್ನೊಂದು ಪಾಠ. ನಮ್ಮ ಬಿಲ್ಲು ಎರಡು ದಿನ ತಡವಾಗಿ ನಮ್ಮ ತೊಡೆಗೇ ಬಂತು, ಅದು ಸರಿ. ಎಷ್ಟೋ ಸಲ ಸುಲಭವನ್ನು ಅನುಭವಿಸುವವರು ಒಬ್ಬರು, ಬಿಲ್ಲು ತೆರುವವರು ಇನ್ನೊಬ್ಬರು. ಈ ಬೆಟ್ಟವನ್ನೇ ನೋಡಿ. 2021ರ ಭಾರೀ ಮಳೆಯಲ್ಲಿ ನಂದಿಗೆ ಹೋಗುವ ರಸ್ತೆಯ ಅಂಚು ಕುಸಿದು ವಾಹನ ಸಂಚಾರ ನಿಂತಿತು. ಮರುವರ್ಷ, 2022ರಲ್ಲಿ, ಬೆಟ್ಟಕ್ಕೆ ರೋಪ್‌ವೇ ಹಾಕುವ ಯೋಜನೆಯನ್ನು ಸರಕಾರ ಪ್ರಕಟಿಸಿತು. ಮೈಸೂರಿನ ಜನ ವಿರೋಧಿಸಿದ ಮೇಲೆ ಅದೇ ವರ್ಷ ಅದನ್ನು ಕೈಬಿಟ್ಟಿತು. ಬಸ್ಸು ಬೇಡವೆಂದು ಅವರು ಹೇಳಲಿಲ್ಲ, ಮೆಟ್ಟಿಲು ಹತ್ತಲೇಬೇಕೆಂದೂ ಹೇಳಲಿಲ್ಲ. ಇರುವ ಸುಲಭ ಸಾಕು, ಇನ್ನಷ್ಟು ಸುಲಭದ ಭಾರವನ್ನು ಬೆಟ್ಟದ ಮೇಲೆ ಹೊರಿಸಬೇಡಿ ಎಂದರು. ಬೆಟ್ಟಕ್ಕೆ ಬಾಯಿಲ್ಲ. ಅದರ ಪರವಾಗಿ ಯಾರಾದರೂ 'ಸ್ವಲ್ಪ ನಿಲ್ಲಿ' ಎನ್ನಬೇಕಾಗುತ್ತದೆ. ಅದೂ ದಾರಿ ಬಿಡುವ ಒಂದು ಬಗೆಯೇ.

ಪ್ರವಾದಿ(ಸ)ಯವರ ಸಂಗಾತಿಗಳ ಪ್ರಯಾಣದ ಬಗ್ಗೆ ಒಂದು ವರದಿ ಇದೆ. ಎತ್ತರ ಹತ್ತುವಾಗ ಅವರು ದೇವನ ಹಿರಿಮೆಯನ್ನು ಹೇಳುತ್ತಿದ್ದರು, ಇಳಿಯುವಾಗ ಅವನ ಪರಿಪಾವನತೆಯನ್ನು ಸ್ಮರಿಸುತ್ತಿದ್ದರು. ಎತ್ತರಕ್ಕೆ ಏರಿದವನಿಗೆ ತಾನು ದೊಡ್ಡವನೆಂಬ ಭಾವ ಬರಬಾರದು, ಆದ್ದರಿಂದ ಹಿರಿಮೆಯ ಮಾತು ಎಂದು ಅರ್ಥ ಹೇಳುವುದುಂಟು. ನಮ್ಮ ಗಮನ ಸೆಳೆದದ್ದು ಇಳಿಯುವುದಕ್ಕೂ ಒಂದು ಮಾತು ಇತ್ತು ಎಂಬುದು. ಇಳಿಯುವಾಗಲೂ ನಾಲಿಗೆಗೆ ಕೆಲಸವಿದೆ, ಮನಸ್ಸಿಗೆ ಎಚ್ಚರವಿದೆ. ಹತ್ತುವಾಗ ಉಸಿರೇ ನಮ್ಮನ್ನು ಎಚ್ಚರವಾಗಿಡುತ್ತದೆ. ಇಳಿಯುವಾಗ ನಾವೇ ಎಚ್ಚರ ತಂದುಕೊಳ್ಳಬೇಕು.

ನಂದಿಯ ಬಳಿ ಸ್ವಲ್ಪ ಹೊತ್ತು ಕುಳಿತು ಎದ್ದಾಗ, ಯಾರೂ ಹೇಳದಿದ್ದರೂ ನಾವು ಒಬ್ಬರ ಹಿಂದೆ ಒಬ್ಬರಾಗಿ ಒಂದೇ ಸಾಲಿನಲ್ಲಿ ಇಳಿಯತೊಡಗಿದೆವು. ಬಿಸಿಲು ಏರಿತ್ತು. ಹತ್ತಿ ಬರುವವರು ಹೆಚ್ಚಾಗಿದ್ದರು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆ, ನೀರಿನ ಬಾಟಲಿ ಹಿಡಿದ ಹುಡುಗಿಯರು, ಬರಿಗಾಲಿನ ಗಂಡಹೆಂಡಿರು. ಪ್ರತಿ ಸಲವೂ ಪಕ್ಕಕ್ಕೆ ಸರಿದು ನಿಂತೆವು. ಕೆಲವರು ನಕ್ಕು ಮುಂದೆ ಹೋದರು. ಹೆಚ್ಚಿನವರು ನಮ್ಮನ್ನು ನೋಡಲೂ ಇಲ್ಲ. ನೋಡಬೇಕಾಗಿಯೂ ಇರಲಿಲ್ಲ. ನಾವು ನಿಂತದ್ದು ಉಪಕಾರವಲ್ಲ, ಅವರ ಪಾಲಿನ ದಾರಿಯನ್ನು ಅವರಿಗೆ ಬಿಟ್ಟದ್ದು.

ಪಾದ ಮುಟ್ಟುವಾಗ ನಾವು ಅಂದುಕೊಂಡಿದ್ದಕ್ಕಿಂತ ಅರ್ಧ ಗಂಟೆ ತಡವಾಗಿತ್ತು. ಅಜ್ಜಿ ಹೇಳಿದ್ದು ನಿಜ. ಮೈಸೂರು ಎಲ್ಲಿಗೂ ಓಡಿಹೋಗಿರಲಿಲ್ಲ. ಎಳನೀರು ಕುಡಿಯುತ್ತ ನಾವು ಒಮ್ಮೆ ಮೇಲಕ್ಕೆ ನೋಡಿದೆವು. ಆ ಹೊತ್ತಿಗೆ ಅವರು ಎಷ್ಟನೆಯ ಮೆಟ್ಟಿಲಿಗೆ ಬಾಗಿದ್ದರೋ ತಿಳಿಯದು. ಮುಂದೆ ಇಳಿದು ಬರುವವರು ಅವರಿಗೆ ದಾರಿ ಬಿಟ್ಟಿರಲಿ ಎಂದು ಮಾತ್ರ ಮನಸ್ಸು ಬಯಸಿತು.